ಸೀತಾಬರ್ಡಿಯ ಶಾಲೆಗಳಲ್ಲಿ ಕನ್ನಡದ ಮಗು: ಶಾಲಾ ಸಮುದಾಯದ ಸಮಸ್ಯೆಗಳು ಮತ್ತು ಮಾರ್ಗದರ್ಶನದ ಅಗತ್ಯ

ಹೊರನಾಡ ಕನ್ನಡಿಗರ ಕುರಿತು ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಸಂಘಸಂಸ್ಥೆಗಳ ಚರಿತ್ರೆ, ಪತ್ರಿಕೆಗಳು, ನಾಟಕಪ್ರಯೋಗಗಳು ಹಾಗೂ ಸಾಹಿತ್ಯ ಸೃಷ್ಟಿಗೆ ಸೀಮಿತವಾಗಿವೆ. ಆ ಸಂಸಾರಗಳ ಮಕ್ಕಳು ಪ್ರತಿದಿನ ಆರೇಳು ಗಂಟೆಗಳ ಕಾಲ ಕಳೆಯುವ ಶಾಲೆಯ ಕಡೆಗೆ ವಿದ್ವಾಂಸರ ಗಮನ ಹರಿದಿರುವುದು ಕಡಿಮೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ತರಗತಿಯಲ್ಲಿ ಮತ್ತೊಂದು ಎಂಬ ಸ್ಥಿತಿಯಲ್ಲಿ ಬೆಳೆಯುವ ಮಗುವಿಗೆ ಒದಗುವ ತೊಡಕುಗಳು ಯಾವುವು, ಅವುಗಳನ್ನು ಗುರುತಿಸುವವರು ಯಾರು, ಪರಿಹಾರದ ದಾರಿ ಯಾವುದು ಎಂಬ ಪ್ರಶ್ನೆಗಳನ್ನು ನಾಗಪುರದ ಸೀತಾಬರ್ಡಿಯನ್ನು ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಪ್ರತಿಪಾದನೆಯನ್ನು ಮೊದಲಲ್ಲಿಯೇ ಸ್ಪಷ್ಟಪಡಿಸುತ್ತೇವೆ. ಭಾಷಾ ಅಲ್ಪಸಂಖ್ಯಾತ ಮಗುವಿನ ವಿಷಯದಲ್ಲಿ ಶಾಲೆಯು 'ಮಂದಬುದ್ಧಿ', 'ಅಶಿಸ್ತು', 'ನಿರಾಸಕ್ತಿ' ಎಂದು ಕರೆಯುವ ಅನೇಕ ದೋಷಗಳು ಮಗುವಿನ ದೋಷಗಳಲ್ಲ. ಭಾಷೆಯಿಂದ ಭಾಷೆಗೆ, ಊರಿನಿಂದ ಊರಿಗೆ ದಾಟುವಾಗ ಉಂಟಾಗುವ ತೊಡಕುಗಳು. ಇವೆರಡನ್ನು ಬೇರ್ಪಡಿಸಿ ನೋಡುವ ಕೆಲಸವನ್ನು ಅರವತ್ತು ಮಕ್ಕಳ ತರಗತಿಯನ್ನು ನಿರ್ವಹಿಸುವ ಉಪಾಧ್ಯಾಯರು ಒಬ್ಬರೇ ಮಾಡಲಾರರು. ಅದಕ್ಕಾಗಿ ತರಬೇತಿ ಪಡೆದ ಮಾರ್ಗದರ್ಶಕರು ಬೇಕು. ಅವರಿಗೆ ಮಗುವಿನ ಮನೆಮಾತಿನ ನೆರವು ದೊರೆಯಬೇಕು.

1. ಸ್ಥಳ ಮತ್ತು ಸಮುದಾಯ

ಸೀತಾಬರ್ಡಿಯು ನಾಗಪುರದ ಹೃದಯಭಾಗ. 1817ರ ನವೆಂಬರ್ ತಿಂಗಳಿನಲ್ಲಿ ಭೋಂಸಲೆಯವರ ಸೇನೆಗೂ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೂ ಯುದ್ಧ ನಡೆದ ಅವಳಿ ಗುಡ್ಡಗಳು, ಅವುಗಳ ಮೇಲಿನ ಕೋಟೆ, ಬುಡದಲ್ಲಿ ಹಬ್ಬಿರುವ ಪೇಟೆ ಇವು ಇಲ್ಲಿನ ಗುರುತುಗಳು. 1867ರಲ್ಲಿ ಮುಂಬಯಿಯ ಕಡೆಯಿಂದ ರೈಲುಮಾರ್ಗವು ನಾಗಪುರವನ್ನು ತಲುಪಿದ ಮೇಲೆ ಈ ನಗರಕ್ಕೆ ನಾನಾ ಪ್ರಾಂತಗಳ ಜನ ಬಂದು ನೆಲೆಸಲು ಅನುಕೂಲವಾಯಿತು. 1883ರಲ್ಲಿ ಹಿಸ್ಲಾಪ್ ಕಾಲೇಜು, 1885ರಲ್ಲಿ ಮಾರಿಸ್ ಕಾಲೇಜು, 1923ರಲ್ಲಿ ನಾಗಪುರ ವಿಶ್ವವಿದ್ಯಾಲಯ ಸ್ಥಾಪನೆಗೊಂಡು ಇದು ಮಧ್ಯಪ್ರಾಂತದ ವಿದ್ಯಾಕೇಂದ್ರವೂ ಆಯಿತು. ಇಂದು ಮೆಟ್ರೋ ರೈಲಿನ ಎರಡು ಮಾರ್ಗಗಳು ಕೂಡುವ ನಿಲ್ದಾಣವೂ ಸೀತಾಬರ್ಡಿಯೇ. ನಗರದ ನಾಲ್ಕೂ ದಿಕ್ಕುಗಳಿಂದ ವಿದ್ಯಾರ್ಥಿಗಳು ಇಲ್ಲಿಗೂ, ಹೊಂದಿಕೊಂಡಿರುವ ಧರಮಪೇಠ, ರಾಮದಾಸಪೇಠಗಳಿಗೂ ಶಾಲೆ, ಕಾಲೇಜು ಹಾಗೂ ಕೋಚಿಂಗ್ ತರಗತಿಗಳಿಗಾಗಿ ಬರುತ್ತಾರೆ.

ನಾಗಪುರದ ಭಾಷಿಕ ಸನ್ನಿವೇಶದಲ್ಲಿ ಒಂದು ವಿಶೇಷವಿದೆ. ಇದು ಹಿಂದಿ ಮತ್ತು ಮರಾಠಿ ಎರಡನ್ನೂ ಆಡುವ ಪ್ರಾಂತವೊಂದರ ರಾಜಧಾನಿಯಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದು ರಾಜಧಾನಿಯ ಸ್ಥಾನವನ್ನು ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತು. 1960ರ ಮೇ 1ರಂದು ಮಹಾರಾಷ್ಟ್ರದ ಭಾಗವಾಯಿತು. ಕನ್ನಡ ನಾಡು ಒಂದಾದ ದಿನವೇ ನಾಗಪುರದ ಆಡಳಿತ ಭಾಷೆಯ ಚಿತ್ರವೂ ಬದಲಾಯಿತೆಂಬುದು ಗಮನಾರ್ಹ. ಆದರೆ ಬೀದಿಯ ಭಾಷೆ ರಾಜ್ಯದ ಗಡಿಯೊಂದಿಗೆ ಬದಲಾಗುವುದಿಲ್ಲ. ಇಂದಿಗೂ ಸೀತಾಬರ್ಡಿಯ ಪೇಟೆಯಲ್ಲಿ ಹಿಂದಿ ಮತ್ತು ಮರಾಠಿ ಒಂದರೊಳಗೊಂದು ಹೆಣೆದುಕೊಂಡು ಕೇಳಿಬರುತ್ತವೆ.

ಇಂತಹ ನಗರಕ್ಕೆ ಕನ್ನಡ ಸಂಸಾರಗಳು ಬರುವುದು ಮುಖ್ಯವಾಗಿ ಎರಡು ದಾರಿಗಳಿಂದ. ಮೊದಲನೆಯದು ನೌಕರಿಯ ವರ್ಗಾವಣೆ. ರೈಲ್ವೆ, ಬ್ಯಾಂಕುಗಳು, ರಕ್ಷಣಾ ಇಲಾಖೆಯ ಕಾರ್ಖಾನೆಗಳಲ್ಲದೆ ಭಾರತೀಯ ಗಣಿ ಕೇಂದ್ರ, ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ, ರಾಷ್ಟ್ರೀಯ ಮಣ್ಣು ಸಮೀಕ್ಷೆ ಕೇಂದ್ರ ಇವುಗಳ ಪ್ರಧಾನ ಕಚೇರಿಗಳು ನಾಗಪುರದಲ್ಲಿವೆ. ಮಣ್ಣು ಸಮೀಕ್ಷೆ ಕೇಂದ್ರಕ್ಕೆ ಬೆಂಗಳೂರಿನಲ್ಲಿಯೂ ಪ್ರಾದೇಶಿಕ ಕೇಂದ್ರವಿರುವುದರಿಂದ ಎರಡು ನಗರಗಳ ನಡುವೆ ನೌಕರರ ಓಡಾಟ ಸಹಜ. ಎರಡನೆಯದು ವ್ಯಾಪಾರ, ಅದರಲ್ಲಿಯೂ ಕರಾವಳಿಯ ಕನ್ನಡಿಗರ ಉಪಾಹಾರಗೃಹಗಳ ಕಸುಬು. ಮೊದಲ ವರ್ಗದ ಮಗು ಮೂರು ನಾಲ್ಕು ವರ್ಷಗಳಿಗೊಮ್ಮೆ ಶಾಲೆ ಬದಲಿಸುತ್ತದೆ. ಎರಡನೆಯ ವರ್ಗದ ಮಗುವಿನ ತಂದೆ ನಸುಕಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿರುವುದರಿಂದ ಪಾಲಕರ ಸಭೆಗೆ ಬರುವುದೇ ಕಷ್ಟ.

ಇನ್ನೂ ಒಂದು ಅಂಶವನ್ನು ಗಮನಿಸಬೇಕು. ಮಹಾರಾಷ್ಟ್ರದಲ್ಲಿಯೇ ಸೋಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿಯ ಮಗುವಿನ ಸುತ್ತ ಕನ್ನಡವಾಡುವ ಊರೇ ಇರುತ್ತದೆ. ನಾಗಪುರದ ಕನ್ನಡಿಗರು ಹಾಗೆ ಒಂದೆಡೆ ನೆಲೆಸಿದವರಲ್ಲ. ನಗರದ ಬಡಾವಣೆಗಳಲ್ಲಿ ಚದುರಿಹೋದವರು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆಯಾದರೂ ಒಂದು ತರಗತಿಗೆ ಒಬ್ಬರೋ ಇಬ್ಬರೋ ಇರುವ ಮಕ್ಕಳಿಗಾಗಿ ಪ್ರತ್ಯೇಕ ಶಾಲೆಯನ್ನು ನಿರೀಕ್ಷಿಸುವುದು ವ್ಯವಹಾರ್ಯವಲ್ಲ. ಚದುರಿದ ಸಮುದಾಯಕ್ಕೆ ಶಾಲೆಯನ್ನು ಕೊಡಲಾಗದಿದ್ದರೂ ಶಾಲೆಯೊಳಗೆ ತನ್ನ ಮಾತನ್ನು ಕೇಳುವ ಒಬ್ಬ ವ್ಯಕ್ತಿಯನ್ನು ಕೊಡುವುದು ಸಾಧ್ಯ. ಮಾರ್ಗದರ್ಶನದ ಪ್ರಶ್ನೆ ಇಲ್ಲಿ ಮುಖ್ಯವಾಗುವುದು ಈ ಕಾರಣದಿಂದ.

2. ಭಾಷೆಯ ದಾಟುವಿಕೆಯಲ್ಲಿ ಹುಟ್ಟುವ ತಪ್ಪುಗಳು

ಕರ್ನಾಟಕದಿಂದ ಆರನೆಯ ತರಗತಿಗೆ ಬಂದು ಸೇರಿದ ಮಗುವನ್ನು ಕಲ್ಪಿಸಿಕೊಳ್ಳೋಣ. ಅದಕ್ಕೆ ಕನ್ನಡ ಓದುಬರಹ ಬರುತ್ತದೆ, ಇಂಗ್ಲಿಷ್ ಸ್ವಲ್ಪ ತಿಳಿದಿದೆ, ಹಿಂದಿಯ ಅಕ್ಷರಗಳಷ್ಟೇ ಪರಿಚಿತ. 2020ರ ಮಹಾರಾಷ್ಟ್ರ ಅಧಿನಿಯಮದ ಪ್ರಕಾರ ರಾಜ್ಯದ ಎಲ್ಲ ಶಾಲೆಗಳಲ್ಲಿ, ಕೇಂದ್ರ ಮಂಡಳಿಯ ಶಾಲೆಗಳನ್ನೂ ಒಳಗೊಂಡಂತೆ, ಮರಾಠಿ ಬೋಧನೆಯನ್ನು ಹಂತಹಂತವಾಗಿ ಕಡ್ಡಾಯಗೊಳಿಸಲಾಗಿದೆ. ರಾಜ್ಯದ ಭಾಷೆಯನ್ನು ಅಲ್ಲಿ ಬಾಳುವ ಮಕ್ಕಳು ಕಲಿಯಬೇಕಾದುದು ನ್ಯಾಯವೇ. ಅದರಿಂದ ಅವರಿಗೆ ಒಳಿತೂ ಉಂಟು. ಆದರೆ ಕಲಿಕೆಯ ಈ ಅವಧಿಯಲ್ಲಿ ಮಗು ಮಾಡುವ ತಪ್ಪುಗಳ ಸ್ವರೂಪವನ್ನು ಶಾಲೆ ಅರಿತಿರಬೇಕು.

ಮೊದಲು ಗಣಿತವನ್ನು ನೋಡೋಣ. ಕನ್ನಡದಲ್ಲಿ 47ನ್ನು 'ನಲವತ್ತೇಳು' ಎನ್ನುತ್ತೇವೆ. ಹತ್ತರ ಸ್ಥಾನ ಮೊದಲು, ಬಿಡಿಯ ಸ್ಥಾನ ಅನಂತರ, ಬರೆಯುವ ಕ್ರಮದಲ್ಲಿಯೇ. ಮರಾಠಿಯ 'ಸತ್ತೇಚಾಳೀಸ್', ಹಿಂದಿಯ 'ಸೈಂತಾಲೀಸ್' ಎಂಬ ಪದಗಳಲ್ಲಿ ಏಳು ಮೊದಲು ಬಂದು ನಲವತ್ತು ಆಮೇಲೆ ಬರುತ್ತದೆ. ಉಕ್ತಲೇಖನದಲ್ಲಿ ಉಪಾಧ್ಯಾಯರು 'ಸತ್ತೇಚಾಳೀಸ್' ಎಂದಾಗ ಕನ್ನಡದ ಮಗು 74 ಎಂದು ಬರೆದರೆ ಅದು ಗಣಿತದ ಅಜ್ಞಾನವಲ್ಲ. ಮನೆಮಾತಿನ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರ ಫಲ. 49ಕ್ಕೆ ಮರಾಠಿಯಲ್ಲಿ 'ಐವತ್ತಕ್ಕೆ ಒಂದು ಕಡಿಮೆ' ಎಂಬರ್ಥದ ಪದವಿದೆ. 'ದೀಡ್', 'ಅಡೀಚ್', 'ಪಾವಣೇ ದೋನ್' ಎಂಬ ಮಾತುಗಳು ಬೆಳಗಾವಿ, ವಿಜಯಪುರದ ಕಡೆಯ ಮಗುವಿನ ಕಿವಿಗೆ ಬಿದ್ದಿರಬಹುದು. ಮೈಸೂರು, ಶಿವಮೊಗ್ಗದ ಕಡೆಯ ಮಗುವಿಗೆ ಅವು ಹೊಸವು.

ಈ ತೊಡಕು ಹೊರಗಿನಿಂದ ಬಂದ ಮಕ್ಕಳಿಗೆ ಮಾತ್ರ ಎದುರಾಗುವುದಲ್ಲ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ 'ಬಾಲಭಾರತಿ'ಯು ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ರೂಢಿಯ ಸಂಖ್ಯಾನಾಮಗಳ ಜೊತೆಗೆ 'ವೀಸ್ ಏಕ್', 'ವೀಸ್ ದೋನ್' ಎಂಬ ಸರಳ ಕ್ರಮವನ್ನೂ ಸೂಚಿಸಿತು. ಅದರ ಹಿಂದಿದ್ದ ಗಣಿತ ಸಮಿತಿಯಲ್ಲಿ ಮಂಗಳಾ ನಾರಳೀಕರ್ ಅವರಂತಹ ಗಣಿತಜ್ಞೆ ಇದ್ದರು. ಇದು ಭಾಷೆಯನ್ನು ಕೆಡಿಸುವುದೆಂದು ದೊಡ್ಡ ವಿವಾದ ನಡೆಯಿತು. ವಿವಾದದ ಸರಿತಪ್ಪುಗಳು ಏನೇ ಇರಲಿ, ಮರಾಠಿ ಮನೆಮಾತಿನ ಮಕ್ಕಳಿಗೂ ಈ ಪದಗಳು ಕ್ಲಿಷ್ಟವೆಂಬುದನ್ನು ತಜ್ಞರೇ ಒಪ್ಪಿದಂತಾಯಿತು. ಹಾಗಿರುವಾಗ ಹೊಸದಾಗಿ ಬಂದ ಕನ್ನಡದ ಮಗುವಿನ ವಿಷಯದಲ್ಲಿ ಸ್ವಲ್ಪ ಕಾಲಾವಕಾಶ ಬೇಕೆಂದು ಹೇಳಬೇಕಾಗಿಲ್ಲ.

ಎರಡನೆಯದಾಗಿ ವ್ಯಾಕರಣ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ, ಜಡವಸ್ತುಗಳೆಲ್ಲ ನಪುಂಸಕ. ಮರಾಠಿಯಲ್ಲಿ ಮೂರು, ಹಿಂದಿಯಲ್ಲಿ ಎರಡು ಲಿಂಗಗಳು ಶಬ್ದಕ್ಕೇ ಅಂಟಿಕೊಂಡಿರುತ್ತವೆ. 'ಪುಸ್ತಕ' ಎಂಬ ಒಂದೇ ಶಬ್ದ ಮರಾಠಿಯಲ್ಲಿ ನಪುಂಸಕಲಿಂಗ, ಹಿಂದಿಯಲ್ಲಿ ಸ್ತ್ರೀಲಿಂಗ. 'ಧ್ವನಿ' ಮರಾಠಿಯಲ್ಲಿ ಪುಲ್ಲಿಂಗ, ಹಿಂದಿಯಲ್ಲಿ ಸ್ತ್ರೀಲಿಂಗ. ಕನ್ನಡದಲ್ಲಿ 'ನನ್ನ ಅಣ್ಣ', 'ನನ್ನ ತಂಗಿ', 'ನನ್ನ ಪುಸ್ತಕ' ಎಲ್ಲಕ್ಕೂ 'ನನ್ನ' ಎಂಬ ಒಂದೇ ರೂಪ ಸಾಕು. ಮರಾಠಿಯಲ್ಲಿ 'ಮಾಝಾ', 'ಮಾಝೀ', 'ಮಾಝೇ' ಎಂದು ಮೂರಾಗಿ, ಹಿಂದಿಯಲ್ಲಿ 'ಮೇರಾ', 'ಮೇರೀ' ಎಂದು ಎರಡಾಗಿ ಒಡೆಯಬೇಕು. ಮಗುವು ಎಲ್ಲೆಡೆ ಒಂದೇ ರೂಪವನ್ನು ಬಳಸಿದಾಗ ತರಗತಿ ನಗುತ್ತದೆ. ಎರಡು ಮೂರು ಬಾರಿ ಹೀಗಾದ ಮೇಲೆ ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. ವರದಿ ಪುಸ್ತಕದಲ್ಲಿ 'ತರಗತಿಯಲ್ಲಿ ಭಾಗವಹಿಸುವುದಿಲ್ಲ' ಎಂಬ ಷರಾ ಬೀಳುತ್ತದೆ.

ಮೂರನೆಯದು ಒಂದೇ ರೂಪದ, ಬೇರೆ ಅರ್ಥದ ಸಂಸ್ಕೃತ ಶಬ್ದಗಳು. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ 'ಶಿಕ್ಷೆ' ಎಂದರೆ ದಂಡನೆ. ಹಿಂದಿಯಲ್ಲಿ 'ಶಿಕ್ಷಾ' ಎಂದರೆ ವಿದ್ಯಾಭ್ಯಾಸ. ನಮ್ಮ 'ಅವಸರ' ಹಿಂದಿಯಲ್ಲಿ ಅವಕಾಶ; ನಮ್ಮ 'ಉಪನ್ಯಾಸ' ಅಲ್ಲಿ ಕಾದಂಬರಿ. 'ಅನುಮಾನ' ಎಂಬುದು ನಮಗೆ ಸಂಶಯ, ಅವರಿಗೆ ಅಂದಾಜು. ಇಂತಹ ಶಬ್ದ ಸಿಕ್ಕಿದಾಗ ಮಗುವು ಅರ್ಥ ಕೇಳುವುದಿಲ್ಲ, ಏಕೆಂದರೆ ತನಗೆ ಗೊತ್ತಿದೆಯೆಂದೇ ಭಾವಿಸಿರುತ್ತದೆ. ಅಪರಿಚಿತ ಶಬ್ದಕ್ಕಿಂತ ಪರಿಚಿತವೆಂದು ತೋರುವ ಶಬ್ದವೇ ಹೆಚ್ಚು ದಾರಿ ತಪ್ಪಿಸುತ್ತದೆ.

ನಾಲ್ಕನೆಯದು ಗೌರವ ಸೂಚಕಗಳು. ಮರಾಠಿಯ 'ತುಮ್ಹೀ' ಗೌರವದ ಮಾತು; ಹಿಂದಿಯಲ್ಲಿ ಅದನ್ನೇ ಹೋಲುವ 'ತುಮ್' ಸಲಿಗೆಯ ಮಾತು, ಹಿರಿಯರಿಗೆ 'ಆಪ್' ಎನ್ನಬೇಕು. ಬೀದಿಯಲ್ಲಿ ಎರಡನ್ನೂ ಬೆರಸಿ ಕೇಳಿದ ಮಗುವು 'ನೀವು' ಎಂಬ ಭಾವದಲ್ಲಿ ಹಿಂದಿಯ ಉಪಾಧ್ಯಾಯರನ್ನು 'ತುಮ್' ಎಂದು ಸಂಬೋಧಿಸಿದರೆ ಅದು ಉದ್ಧಟತನವೆನಿಸಿಕೊಳ್ಳುತ್ತದೆ. ಹೀಗೆ ಭಾಷೆಯ ತಪ್ಪೊಂದು ಶಿಸ್ತಿನ ದೂರಾಗಿ ಮಾರ್ಪಡುತ್ತದೆ.

3. ಅಳತೆಗೋಲಿನ ಪ್ರಶ್ನೆ: ಧಾರವಾಡ ಮತ್ತು ನಾಗಪುರ

ಮಗುವಿಗೆ ಕೊರತೆಯಿರುವುದು ಬುದ್ಧಿಶಕ್ತಿಯಲ್ಲಿಯೋ ಭಾಷೆಯಲ್ಲಿಯೋ ಎಂಬುದನ್ನು ತಿಳಿಯುವ ಪ್ರಯತ್ನಗಳ ಚರಿತ್ರೆಯಲ್ಲಿ ಧಾರವಾಡಕ್ಕೂ ನಾಗಪುರಕ್ಕೂ ವಿಶಿಷ್ಟ ಸ್ಥಾನವಿದೆ. 1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಅವರು ಬುದ್ಧಿಮಾಪನ ಪರೀಕ್ಷೆಯನ್ನು ರಚಿಸಿದುದು ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ. ಅವರಿಗೆ ಹಣೆಪಟ್ಟಿ ಅಂಟಿಸುವುದಕ್ಕಾಗಿ ಅಲ್ಲ. 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಧಾರವಾಡದ ಮಕ್ಕಳನ್ನು ಪರೀಕ್ಷಿಸಿ ಬಿನೆಯ ಮಾಪಕವನ್ನು ಕನ್ನಡ ಮತ್ತು ಮರಾಠಿ ಎರಡೂ ಭಾಷೆಗಳಿಗೆ ಪರಿಷ್ಕರಿಸಿದರು. ಮುಂಬಯಿ ಕರ್ನಾಟಕದ ಪರಿಷ್ಕರಣವೆಂದೇ ಅದು ಹೆಸರಾಯಿತು. ಒಂದೇ ಊರಿನ ಎರಡು ಭಾಷೆಗಳ ಮಕ್ಕಳನ್ನು ಅವರವರ ಭಾಷೆಯಲ್ಲಿಯೇ ಪರೀಕ್ಷಿಸಬೇಕೆಂಬ ವಿವೇಕ ಸುಮಾರು ತೊಂಬತ್ತು ವರ್ಷಗಳ ಹಿಂದೆಯೇ ಕನ್ನಡ ನಾಡಿನಲ್ಲಿ ಇತ್ತೆಂಬುದು ಸ್ಮರಣೀಯ.

ನಾಗಪುರದ ಕೊಡುಗೆಯೂ ಕಡಿಮೆಯದಲ್ಲ. ಇಲ್ಲಿಯ ಶಿಶುಮಾರ್ಗದರ್ಶನ ಕೇಂದ್ರದಲ್ಲಿ ಕೆಲಸ ಮಾಡಿದ ಆರ್ಥರ್ ಜೆ. ಮಾಲಿನ್ ಅವರು ಅಮೆರಿಕದ ವೆಕ್ಸ್ಲರ್ ಮಾಪಕವನ್ನು ಭಾರತೀಯ ಮಕ್ಕಳಿಗಾಗಿ ರೂಪಾಂತರಿಸಿದರು. 1969ರಲ್ಲಿ ಪ್ರಕಟವಾದ ಅದರ ಕೈಪಿಡಿಯನ್ನು ದೇಶದ ಮನೋವೈದ್ಯಕೀಯ ಕೇಂದ್ರಗಳು ದಶಕಗಳ ಕಾಲ ಬಳಸಿದವು. ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢಿಮೆಯ ಮಾಪಕದ ಭಾರತೀಯ ರೂಪಾಂತರವೂ ಅವರದೇ. ಮಾಲಿನ್ ಮಾಪಕದಲ್ಲಿ ಎರಡು ವಿಭಾಗಗಳಿವೆ. ಶಬ್ದಸಂಪತ್ತು, ಸಾಮಾನ್ಯ ತಿಳಿವಳಿಕೆ, ಅಂಕಗಣಿತ ಮೊದಲಾದ ಶಾಬ್ದಿಕ ಪರೀಕ್ಷೆಗಳು ಒಂದು ಕಡೆ. ಚಿತ್ರಪೂರಣ, ಘನಾಕೃತಿಗಳ ಜೋಡಣೆ, ಬಿಡಿಭಾಗಗಳ ಕೂಡಿಕೆಯಂತಹ ಕ್ರಿಯಾಪರೀಕ್ಷೆಗಳು ಇನ್ನೊಂದು ಕಡೆ. ಎರಡನೆಯ ವಿಭಾಗದಲ್ಲಿ ಮಾತಿನ ಪಾತ್ರ ಅತ್ಯಲ್ಪ. ಒಂದು ಮಗು ಕ್ರಿಯಾಪರೀಕ್ಷೆಗಳಲ್ಲಿ ಚೆನ್ನಾಗಿದ್ದು ಶಾಬ್ದಿಕ ಪರೀಕ್ಷೆಗಳಲ್ಲಿ ಮಾತ್ರ ಹಿಂದುಳಿದರೆ, ಪರೀಕ್ಷಕರು ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ: 'ಈ ಮಗುವಿನ ಮನೆಮಾತು ಯಾವುದು?'

ಈ ಪ್ರಶ್ನೆಯನ್ನು ಕೇಳಲು ಮಾಪಕ ಮಾತ್ರ ಸಾಲದು, ಮನುಷ್ಯ ಬೇಕು. ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯು 2016ರಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಗಳ ಒಲವನ್ನು ತಿಳಿಯಲು 'ಕಲ್ ಚಾಚಣಿ' ಎಂಬ ಪರೀಕ್ಷೆಯನ್ನು ಆರಂಭಿಸಿ ಕೆಲವು ವರ್ಷ ನಡೆಸಿತು. ಉದ್ದೇಶ ಮೆಚ್ಚತಕ್ಕದ್ದು. ಆದರೆ ಒಲವಿನ ಫಲಿತಾಂಶದ ಹಾಳೆಯನ್ನು ಮಗುವಿನ ಮುಂದೆ ಕುಳಿತು ವಿವರಿಸುವವರು ಇಲ್ಲದಿದ್ದರೆ ಅದೂ ಇನ್ನೊಂದು ಅಂಕಪಟ್ಟಿಯಾಗಿ ಉಳಿಯುತ್ತದೆ.

4. ಮನೆ, ಶಾಲೆ ಮತ್ತು ಭವಿಷ್ಯದ ಆಯ್ಕೆ

ಶಾಲಾ ಸಮುದಾಯವೆಂದರೆ ವಿದ್ಯಾರ್ಥಿಗಳಷ್ಟೇ ಅಲ್ಲ. ಉಪಾಧ್ಯಾಯರು, ಪಾಲಕರು, ಆಡಳಿತ ವರ್ಗ, ಸುತ್ತಲಿನ ಸಮಾಜ ಎಲ್ಲವೂ ಸೇರಿ ಆಗುವಂಥದು. ಇವರ ನಡುವಿನ ಸಂಪರ್ಕ ಕಡಿದಲ್ಲಿ ಸಮಸ್ಯೆ ಬೆಳೆಯುತ್ತದೆ. ಕನ್ನಡ ಸಂಸಾರಗಳಲ್ಲಿ ಇದು ಹೇಗೆ ಆಗುತ್ತದೆ ಎಂಬುದು ಸುಲಭವಾಗಿ ಊಹಿಸಬಹುದಾದ ವಿಷಯ. ಕಚೇರಿಗೆ ಹೋಗುವ ತಂದೆಗೆ ಹಿಂದಿ ಬರುತ್ತದೆ, ಬಿಡುವಿಲ್ಲ; ಮನೆಯಲ್ಲಿರುವ ತಾಯಿಗೆ ಬಿಡುವಿದೆ, ಉಪಾಧ್ಯಾಯರೊಡನೆ ಮಾತನಾಡುವ ಧೈರ್ಯ ಸಾಲದು. ಮಗುವೇ ದುಭಾಷಿಯಾಗುತ್ತದೆ. ತನ್ನ ಮೇಲಿನ ದೂರನ್ನು ತಾನೇ ತಾಯಿಗೆ ಅನುವಾದಿಸಿ ಹೇಳಬೇಕಾದ ಮಗುವಿನ ಪಾಡು ಎಂತಹುದು! ಅದು ದೂರನ್ನು ಮೆದುಗೊಳಿಸಿದರೆ ಸುಳ್ಳುಗಾರನೆನಿಸುತ್ತದೆ. ಯಥಾವತ್ತಾಗಿ ಹೇಳಿದರೆ ಮನೆಯಲ್ಲಿ ಏಟು ತಿನ್ನುತ್ತದೆ.

ವರ್ಗಾವಣೆಯ ನೋವು ಇನ್ನೊಂದು. ಕೇಂದ್ರ ಸರ್ಕಾರದ ನೌಕರರ ಮಕ್ಕಳಿಗಾಗಿ 1963ರಿಂದ ಕೇಂದ್ರೀಯ ವಿದ್ಯಾಲಯಗಳು ಆರಂಭಗೊಂಡುದರಿಂದ ಪಠ್ಯಕ್ರಮದ ವ್ಯತ್ಯಾಸದ ತೊಂದರೆ ಬಹಳಷ್ಟು ನಿವಾರಣೆಯಾಯಿತು. ಆದರೆ ಪಠ್ಯಕ್ರಮ ಒಂದೇ ಆಗಿದ್ದರೂ ಗೆಳೆಯರು ಒಂದೇ ಆಗಿರುವುದಿಲ್ಲ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಸ್ನೇಹಿತರ ಗುಂಪನ್ನು ಕಳೆದುಕೊಂಡು ಬಂದ ಮಗುವಿಗೆ ಆಗುವ ಒಂಟಿತನವನ್ನು ಹಿರಿಯರು 'ಹೊಂದಿಕೊಳ್ಳುತ್ತಾನೆ ಬಿಡಿ' ಎಂದು ತಳ್ಳಿಹಾಕುವುದುಂಟು. ಅನೇಕರು ಹೊಂದಿಕೊಳ್ಳುತ್ತಾರೆ, ನಿಜ. ಹೊಂದಿಕೊಳ್ಳಲಾರದ ಮಗುವನ್ನು ಗುರುತಿಸುವ ವ್ಯವಸ್ಥೆ ಇದೆಯೇ ಎಂಬುದು ಪ್ರಶ್ನೆ.

ಹತ್ತನೆಯ ತರಗತಿಯ ಅನಂತರ ಒತ್ತಡ ಇಮ್ಮಡಿಸುತ್ತದೆ. ವೈದ್ಯಕೀಯ ಅಥವಾ ಎಂಜಿನಿಯರಿಂಗ್ ಎಂಬ ಎರಡೇ ಬಾಗಿಲುಗಳು ಕಾಣುತ್ತವೆ. ಮಣ್ಣು, ಹತ್ತಿ, ಗಣಿ, ಪರಿಸರ ಇವುಗಳನ್ನು ಕುರಿತ ರಾಷ್ಟ್ರಮಟ್ಟದ ಸಂಸ್ಥೆಗಳೇ ಇರುವ ನಗರದಲ್ಲಿ, ಅವುಗಳಲ್ಲಿ ದುಡಿಯುವ ತಂದೆತಾಯಿಯರ ಮಕ್ಕಳಿಗೂ ಆ ಶಾಸ್ತ್ರಗಳ ಕಡೆಗೆ ದಾರಿಯಿದೆಯೆಂಬುದನ್ನು ತೋರಿಸುವವರಿಲ್ಲ. ಕೋಚಿಂಗ್ ಕೇಂದ್ರಗಳಿಗೆ 16 ವರ್ಷಕ್ಕಿಂತ ಕಡಿಮೆ ವಯಸ್ಸಿನವರನ್ನು ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಬೇಕಾಗಿ ಬಂದುದೇ ಪರಿಸ್ಥಿತಿಯ ಗಾಂಭೀರ್ಯವನ್ನು ಸೂಚಿಸುತ್ತದೆ.

ಈ ಗಾಂಭೀರ್ಯದ ಕೊನೆಯ ಅಳತೆ ದುಃಖಕರವಾದುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ವರದಿಯಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044. ಇದರಲ್ಲಿ ಮಹಾರಾಷ್ಟ್ರದ ಪಾಲು 1,764, ರಾಜ್ಯಗಳಲ್ಲಿ ಅತ್ಯಧಿಕ. ಪ್ರತಿಯೊಂದು ಸಾವಿಗೂ ಕಾರಣಗಳು ಹಲವಾಗಿರುತ್ತವೆ. ಯಾವುದೇ ಒಂದನ್ನು ಹೊಣೆಯಾಗಿಸುವುದು ಸರಿಯಲ್ಲ. ಆದರೆ ಆಪತ್ತಿನ ಹಂತಕ್ಕೆ ಹೋಗುವ ಮುನ್ನ ಮಗು ಯಾರೊಡನೆಯಾದರೂ ಮಾತನಾಡಲು ಅವಕಾಶವಿತ್ತೇ ಎಂದು ಕೇಳುವುದು ಸಮಾಜದ ಕರ್ತವ್ಯ.

5. ಮಾರ್ಗದರ್ಶನ ಸೇವೆಯ ಹಿನ್ನೆಲೆ

ನಮ್ಮ ದೇಶದಲ್ಲಿ ಮಾರ್ಗದರ್ಶನದ ವಿಚಾರ ಹೊಸದಲ್ಲ. 1938ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಅನ್ವಯಿಕ ಮನೋವಿಜ್ಞಾನ ವಿಭಾಗದಲ್ಲಿ ಅದರ ಅಧ್ಯಯನ ಆರಂಭವಾಯಿತು. 1941ರಲ್ಲಿ ಮುಂಬಯಿಯಲ್ಲಿ ಬಾಟ್ಲಿಬಾಯ್ ವೃತ್ತಿ ಮಾರ್ಗದರ್ಶನ ಕೇಂದ್ರ, 1947ರಲ್ಲಿ ಅಲಹಾಬಾದಿನ ಮನೋವಿಜ್ಞಾನ ಕೇಂದ್ರ, 1950ರಲ್ಲಿ ಮುಂಬಯಿ ಸರ್ಕಾರದ ವೃತ್ತಿ ಮಾರ್ಗದರ್ಶನ ಕೇಂದ್ರ ಸ್ಥಾಪಿತವಾದವು. 1952–53ರ ಮಾಧ್ಯಮಿಕ ಶಿಕ್ಷಣ ಆಯೋಗದ ಶಿಫಾರಸನ್ನು ಅನುಸರಿಸಿ 1954ರಲ್ಲಿ ಕೇಂದ್ರ ಸರ್ಕಾರವೂ ಇಂತಹ ಕೇಂದ್ರವನ್ನು ದೆಹಲಿಯಲ್ಲಿ ತೆರೆಯಿತು.

1964–66ರ ಕೊಠಾರಿ ಆಯೋಗವು ಈ ವಿಷಯವನ್ನು ಹೆಚ್ಚು ಖಚಿತವಾಗಿ ನಿರೂಪಿಸಿತು. ಮಾರ್ಗದರ್ಶನವು ಸಂಕಟಕಾಲದ ಔಷಧವಲ್ಲ, ಶಿಕ್ಷಣದ ಅವಿಭಾಜ್ಯ ಅಂಗ. ಅದು ಪ್ರಾಥಮಿಕ ಶಾಲೆಯ ಕೆಳಗಿನ ತರಗತಿಯಿಂದಲೇ ಆರಂಭವಾಗಬೇಕು. ಪ್ರತಿ ಶಾಲೆಗೂ ಒಬ್ಬರನ್ನು ಕೊಡಲಾಗದಿದ್ದರೆ ಹತ್ತು ಪ್ರೌಢಶಾಲೆಗಳ ಗುಂಪಿಗೆ ಒಬ್ಬ ಸಂಚಾರಿ ಸಲಹೆಗಾರರನ್ನಾದರೂ ಕೊಡಬೇಕು. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಒಂದು ಶಾಲೆಯಲ್ಲಿ ಪೂರ್ಣ ಪ್ರಮಾಣದ ಮಾದರಿ ಸೇವೆ ಇರಬೇಕು ಎಂಬುದು ಅದರ ಆಶಯ. ಆ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿದ್ದ ಜೆ. ಪಿ. ನಾಯಕ್ ಅವರು ಯೌವನದಲ್ಲಿ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದವರು. ಕನ್ನಡ ಮರಾಠಿಗಳ ನಡುವಿನ ಮಕ್ಕಳ ಸ್ಥಿತಿಯನ್ನು ಹತ್ತಿರದಿಂದ ಬಲ್ಲವರು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲಾ ಸಂಕೀರ್ಣಗಳ ಕಲ್ಪನೆಯನ್ನು ಮತ್ತೆ ಮುಂದಿಟ್ಟು, ಹಲವು ಶಾಲೆಗಳು ಸಲಹೆಗಾರರನ್ನೂ ಸಮಾಜ ಕಾರ್ಯಕರ್ತರನ್ನೂ ಹಂಚಿಕೊಳ್ಳಬಹುದೆಂದು ಸೂಚಿಸಿದೆ. 2025ರ ಜುಲೈ 25ರಂದು ಸುಕದೇವ್ ಸಾಹಾ ಮೊಕದ್ದಮೆಯಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಸಲಹೆಗಾರ, ಮನೋವಿಜ್ಞಾನಿ ಅಥವಾ ಸಮಾಜ ಕಾರ್ಯಕರ್ತರನ್ನು ನೇಮಿಸಬೇಕೆಂದೂ, ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಏರ್ಪಡಿಸಿಕೊಳ್ಳಬೇಕೆಂದೂ ನಿರ್ದೇಶಿಸಿದೆ. ಆರು ದಶಕಗಳ ಹಿಂದೆ ಶಿಫಾರಸಾಗಿದ್ದುದು ಈಗ ನ್ಯಾಯಾಲಯದ ಆದೇಶವಾಗಿದೆ. ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಉಳಿದಿರುವ ಪ್ರಶ್ನೆಯೊಂದೇ: ನೇಮಕಗೊಂಡ ಸಲಹೆಗಾರರಿಗೆ ಅಲ್ಪಸಂಖ್ಯಾತ ಭಾಷೆಯ ಮಗುವಿನ ಮಾತು ಹೇಗೆ ತಲುಪಬೇಕು?

6. ಸೀತಾಬರ್ಡಿಯಲ್ಲಿ ಸಾಧ್ಯವಾಗುವ ಒಂದು ಕ್ರಮ

ಈ ಪ್ರಶ್ನೆಗೆ ಉತ್ತರವಾಗಿ ಕೆಲವು ಸಲಹೆಗಳನ್ನು ಮುಂದಿಡುತ್ತೇವೆ. ಸೀತಾಬರ್ಡಿ, ಧರಮಪೇಠ, ರಾಮದಾಸಪೇಠಗಳ ಶಾಲೆಗಳು ಒಂದಕ್ಕೊಂದು ಹತ್ತಿರದಲ್ಲಿರುವುದರಿಂದ ಅವುಗಳ ಸಲಹೆಗಾರರು ಒಂದು ಗುಂಪಾಗಿ ಕೆಲಸ ಮಾಡುವುದು ಸುಲಭ. ಪ್ರವೇಶದ ಸಮಯದಲ್ಲಿಯೇ ಪ್ರತಿ ಮಗುವಿನ ಮನೆಮಾತು, ಹಿಂದಿನ ಶಾಲೆಯ ಮಾಧ್ಯಮ, ಓದಲು ಬಲ್ಲ ಲಿಪಿಗಳು ಇವನ್ನು ದಾಖಲಿಸಬೇಕು. ಹೊಸದಾಗಿ ಬಂದ ಮಗುವಿನ ಮೊದಲ ವರ್ಷದ ಭಾಷಾ ತಪ್ಪುಗಳನ್ನು ಅಂಕಗಳಿಗಷ್ಟೇ ಬಳಸದೆ ಅವುಗಳ ಮಾದರಿಯನ್ನು ಗುರುತಿಸಬೇಕು. ತಪ್ಪು ಒಂದೇ ರೀತಿಯಲ್ಲಿ ಮರುಕಳಿಸುತ್ತಿದ್ದರೆ ಅದರ ಹಿಂದೆ ಒಂದು ನಿಯಮವಿರುತ್ತದೆ, ನಿಯಮವಿರುವಲ್ಲಿ ಬುದ್ಧಿಯಿದೆ.

ಸಲಹೆಗಾರರ ಕಾರ್ಯದ ಬಗೆಗೆ ಪಾಲಕರಲ್ಲಿರುವ ತಪ್ಪು ಕಲ್ಪನೆಗಳನ್ನೂ ನಿವಾರಿಸಬೇಕಾಗಿದೆ. ಅವರು ಬುದ್ಧಿವಾದ ಹೇಳುವವರಲ್ಲ, ಶಿಕ್ಷೆ ವಿಧಿಸುವವರೂ ಅಲ್ಲ. ಮಗು ಹೇಳಿದ್ದನ್ನು ಗುಟ್ಟಾಗಿ ಇಟ್ಟುಕೊಳ್ಳುವುದು ಅವರ ವೃತ್ತಿಧರ್ಮ. ಮಗುವಿಗೋ ಇತರರಿಗೋ ಗಂಭೀರ ಅಪಾಯವಿರುವ ಸಂದರ್ಭಗಳು, ಕಾನೂನಿನಂತೆ ವರದಿ ಮಾಡಲೇಬೇಕಾದ ಸಂದರ್ಭಗಳು ಇದಕ್ಕೆ ಅಪವಾದ, ಈ ಮಾತನ್ನು ಅವರು ಮಗುವಿಗೆ ಮೊದಲೇ ತಿಳಿಸಿರುತ್ತಾರೆ. ಚಿಕಿತ್ಸೆಯ ಅಗತ್ಯ ಕಂಡಲ್ಲಿ ವೈದ್ಯರ ಬಳಿಗೆ ಕಳುಹಿಸುತ್ತಾರೆ. ಸಲಹೆಗಾರರ ಕೋಣೆಗೆ ಹೋಗುವುದೆಂದರೆ ಹುಚ್ಚೆಂದು ಅರ್ಥವಲ್ಲ. ಕಾಲು ಉಳುಕಿದವನು ವೈದ್ಯನ ಬಳಿಗೆ ಹೋದಷ್ಟೇ ಸಹಜ.

ಇಲ್ಲಿ ಕನ್ನಡ ಸಮುದಾಯದ ಪಾತ್ರ ದೊಡ್ಡದು. ಮುಂಬಯಿಯ ಕನ್ನಡಿಗರು ಹಗಲಿನಲ್ಲಿ ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿ ಅಸಂಖ್ಯ ಮಂದಿಯನ್ನು ಮುಂದೆ ತಂದ ಚರಿತ್ರೆ ನಮ್ಮ ಕಣ್ಣ ಮುಂದಿದೆ. ಆ ಶಾಲೆಗಳ ಉಪಾಧ್ಯಾಯರು ಅಕ್ಷರದೊಡನೆ ಊರುಬಿಟ್ಟು ಬಂದ ಹುಡುಗನಿಗೆ ಹಿರಿಯಣ್ಣನ ಆಸರೆಯನ್ನೂ ಕೊಟ್ಟರು. ಹೆಸರಿಲ್ಲದಿದ್ದರೂ ಅದು ಮಾರ್ಗದರ್ಶನವೇ. ನಾಗಪುರದಷ್ಟು ಚಿಕ್ಕ ಕನ್ನಡ ಸಮುದಾಯಕ್ಕೆ ಶಾಲೆ ನಡೆಸುವುದು ಭಾರವಾಗಬಹುದು. ಆದರೆ ನಿವೃತ್ತ ಉಪಾಧ್ಯಾಯರು, ಮರಾಠಿ ಬಲ್ಲ ಗೃಹಿಣಿಯರು, ಕಾಲೇಜು ವಿದ್ಯಾರ್ಥಿಗಳು ಇವರಲ್ಲಿ ಕೆಲವರು ಶಾಲೆಯ ಸಲಹೆಗಾರರಿಗೆ ಭಾಷಾ ಸಹಾಯಕರಾಗಿ ನಿಲ್ಲಬಹುದು. ಪಾಲಕರ ಸಭೆಯಲ್ಲಿ ಮಗುವಿನ ಬದಲು ಇಂತಹ ಹಿರಿಯರೊಬ್ಬರು ತಾಯಿಗೂ ಉಪಾಧ್ಯಾಯರಿಗೂ ನಡುವೆ ನಿಂತರೆ, ಮೇಲೆ ವಿವರಿಸಿದ ಅನುವಾದದ ಸಂಕಟದಿಂದ ಮಗು ಪಾರಾಗುತ್ತದೆ. ಈ ಸಹಾಯಕರೂ ಗುಟ್ಟು ಕಾಯುವ ನಿಯಮಕ್ಕೆ ಒಳಪಟ್ಟಿರಬೇಕು. ಚಿಕ್ಕ ಸಮುದಾಯದಲ್ಲಿ ಮಾತು ಬೇಗ ಹರಡುತ್ತದೆ ಎಂಬುದನ್ನು ಮರೆಯಬಾರದು.

ತುರ್ತು ಸಂದರ್ಭಕ್ಕೆ ಮತ್ತೊಂದು ಸೌಕರ್ಯವಿದೆ. 2022ರ ಅಕ್ಟೋಬರ್ 10ರಂದು ಆರಂಭಗೊಂಡ 'ಟೆಲಿ ಮಾನಸ್' ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಪ್ರಧಾನ ಕೇಂದ್ರ. 14416 ಎಂಬ ಸಂಖ್ಯೆಗೆ ದೇಶದ ಯಾವ ಮೂಲೆಯಿಂದಲೂ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು; ಸೇವೆ ದೊರೆಯುವ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ಈ ಸಂಖ್ಯೆಯು ಪ್ರತಿ ಕನ್ನಡ ಮನೆಯಲ್ಲಿಯೂ, ಪ್ರತಿ ಸಂಘದ ಸೂಚನಾಫಲಕದಲ್ಲಿಯೂ ಇರುವುದು ಒಳ್ಳೆಯದು.

7. ಉಪಸಂಹಾರ

ಮೇಲಿನ ಚರ್ಚೆಯಿಂದ ಹೊರಡುವ ನಿಷ್ಕರ್ಷೆ ಇಷ್ಟು. ಸೀತಾಬರ್ಡಿಯ ಶಾಲೆಯಲ್ಲಿ ಹಿಂದುಳಿದಂತೆ ಕಾಣುವ ಕನ್ನಡದ ಮಗು ನಿಜವಾಗಿಯೂ ಹಿಂದುಳಿದಿದೆಯೇ ಎಂದು ನಿರ್ಣಯಿಸುವ ಮುನ್ನ ಅದು ಎಷ್ಟು ದೂರ ನಡೆದು ಬಂದಿದೆ ಎಂಬುದನ್ನು ಲೆಕ್ಕಿಸಬೇಕು. ಆ ಲೆಕ್ಕವನ್ನು ಹಾಕುವ ಶಾಸ್ತ್ರವೇ ಮಾರ್ಗದರ್ಶನ. ಅದಕ್ಕೆ ಬೇಕಾದ ಕಾನೂನಿನ ಬಲ ಈಗ ದೊರೆತಿದೆ. ಅಳತೆಗೋಲುಗಳನ್ನು ಧಾರವಾಡವೂ ನಾಗಪುರವೂ ಹಿಂದೆಯೇ ಕೊಟ್ಟಿವೆ. ಇನ್ನು ಬೇಕಾದುದು ಭಾಷೆಯ ಸೇತುವೆ. ಇದನ್ನು ಶಾಲೆಯೊಂದೇ ಕಟ್ಟಲಾರದು, ಸಮುದಾಯವೊಂದೇ ಕಟ್ಟಲಾರದು.

ಕನ್ನಡ ಅಧ್ಯಯನ ಪೀಠಗಳಿಗೂ ಇಲ್ಲಿ ಒಂದು ಹೊಣೆಯಿದೆ. ಕನ್ನಡ, ಮರಾಠಿ, ಹಿಂದಿಗಳ ವ್ಯತ್ಯಾಸಗಳನ್ನು ಕುರಿತು ಭಾಷಾಶಾಸ್ತ್ರದ ಪ್ರಬಂಧಗಳು ಬೇಕಾದಷ್ಟಿವೆ. ಅವುಗಳ ಸಾರವನ್ನು ಶಾಲೆಯ ಉಪಾಧ್ಯಾಯರಿಗೂ ಸಲಹೆಗಾರರಿಗೂ ಉಪಯುಕ್ತವಾಗುವ ಕಿರುಹೊತ್ತಗೆಯಾಗಿ, ಸಂಖ್ಯಾನಾಮ, ಲಿಂಗ, ಸಂಬೋಧನೆ, ಸಮಾನರೂಪದ ಶಬ್ದಗಳು ಎಂಬ ನಾಲ್ಕು ಅಧ್ಯಾಯಗಳಲ್ಲಿ, ಮರಾಠಿ ಹಾಗೂ ಹಿಂದಿಯಲ್ಲಿ ಸಿದ್ಧಪಡಿಸಿಕೊಟ್ಟರೆ ಅದು ಹೊರನಾಡಿನ ಕನ್ನಡ ಮಕ್ಕಳಿಗೆ ನಾವು ಸಲ್ಲಿಸಬಹುದಾದ ನೇರವಾದ ಸೇವೆ. 47ರ ಬದಲು 74 ಎಂದು ಬರೆದ ಮಗುವಿನ ಪುಸ್ತಕದ ಮೇಲೆ ಕೆಂಪುಗೆರೆ ಎಳೆಯುವ ಮುನ್ನ ಉಪಾಧ್ಯಾಯರು ಆ ಹೊತ್ತಗೆಯನ್ನು ಒಮ್ಮೆ ತೆರೆದು ನೋಡುವಂತಾದರೆ ನಮ್ಮ ಶ್ರಮ ಸಾರ್ಥಕವಾದಂತೆ.